ಅರಣ್ಯಪಥ ಮತ್ತು ಸ್ಥಳೀಯ ಚರಿತ್ರೆ: ‘ಬೆಟ್ಟದ ಜೀವ’ವನ್ನು ಕುರಿತು ಒಂದು ವಿಮರ್ಶೆ

ಅರಣ್ಯಸಂಚಾರವನ್ನು ವಸ್ತುವಾಗಿ ಉಳ್ಳ ಕಾದಂಬರಿಗಳನ್ನೂ ಚಲಚ್ಚಿತ್ರಗಳನ್ನೂ ಚರಿತ್ರೆಯ ಅಭ್ಯಾಸಿಗಳು ಆಧಾರಸಾಮಗ್ರಿಯೆಂದು ಎಣಿಸುವುದು ವಿರಳ. ಶಾಸನ, ಕಡತ, ಕೈಫಿಯತ್ತುಗಳಿಗೆ ಸಲ್ಲುವ ಮನ್ನಣೆ ಕಲ್ಪಿತ ಕಥೆಗೆ ಸಲ್ಲಲಾರದೆಂಬುದು ಸಹಜವೇ ಆಗಿದೆ. ಆದರೆ ಶಾಸನಗಳು ದೊರೆಯದ, ಕಡತಗಳು ಅಷ್ಟಾಗಿ ಮಾತನಾಡದ ನೆಲೆಗಳೂ ನಮ್ಮ ನಾಡಿನಲ್ಲಿ ಉಂಟು. ಪಶ್ಚಿಮಘಟ್ಟದ ತಪ್ಪಲಿನ ಅನೇಕ ಊರುಗಳು ಈ ಬಗೆಯವು. ಅಲ್ಲಿ ಕಾಲ್ನಡೆಯಿಂದ ತಿರುಗಿದವನ ಬರಹಕ್ಕೆ ವಿಶೇಷವಾದ ಬೆಲೆಯಿದೆ. ಅಂತಹ ಬರಹವನ್ನು ನಾವು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ನಡೆದವನಿಗೆ ಮೊದಲು ಆ ದಾರಿಯನ್ನು ಮಾಡಿದವರು ಯಾರೆಂಬುದನ್ನು ಕೃತಿಯು ತಿಳಿಸುತ್ತದೆಯೆ?

ಈ ಪ್ರಶ್ನೆಗೆ ಹಳೆಯ ಪ್ರವಾಸಿಗಳು ಒಂದು ಬಗೆಯ ಉತ್ತರವನ್ನು ಕೊಟ್ಟಿದ್ದಾರೆ. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಹೊರಟ ಫ್ರಾನ್ಸಿಸ್ ಬುಕಾನನ್ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, 1807ರಲ್ಲಿ ಮೂರು ಸಂಪುಟಗಳ ಪ್ರವಾಸಗ್ರಂಥವನ್ನು ಪ್ರಕಟಿಸಿದನು. ಅವನ ಉದ್ದೇಶ ಕಂಪನಿ ಸರ್ಕಾರಕ್ಕೆ ಬೇಕಾದ ಮಾಹಿತಿಯ ಸಂಗ್ರಹ. ಆದರೂ ಕಾಡನ್ನು ಸವರಿ ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನೂ, ಅದನ್ನು ಮಾಡುವ ಜನರನ್ನೂ ಅವನು ಗಮನಿಸಿ ಬರೆದನು. ಅವನ ಕಣ್ಣಿಗೆ ಕಾಡು ನಿರ್ಜನವಾಗಿರಲಿಲ್ಲವೆಂಬುದು ಇಲ್ಲಿ ಮುಖ್ಯ.

ಶ್ರೀ ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಇದಕ್ಕಿಂತ ಬಹು ಮುಂದೆ ಹೋಗುತ್ತದೆ. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ದಾರಿ ತಪ್ಪಿದ ಪಥಿಕನೊಬ್ಬನನ್ನು ದೇರಣ್ಣಗೌಡ ಮತ್ತು ಬಟ್ಯ ಎಂಬಿಬ್ಬರು ಗೋಪಾಲಯ್ಯನ ಮನೆಗೆ ಕರೆತರುತ್ತಾರೆ. ಕಥೆಯ ಸಂವಿಧಾನ ಇಷ್ಟು ಸರಳ. ಆದರೆ ಮನೆಯಿಂದ ತೋಟಕ್ಕೆ, ತೋಟದಿಂದ ಕಾಟುಮೂಲೆಗೆ ಪಥಿಕನು ವೃದ್ಧನೊಡನೆ ನಡೆದಂತೆಲ್ಲ ನೆಲದ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಾಡಾಗಿದ್ದ ಸ್ಥಳ ಅಡಕೆಯ ತೋಟವಾದುದು, ಆನೆ ಹುಲಿಗಳ ಉಪದ್ರವದ ನಡುವೆ ಒಕ್ಕಲುತನ ನೆಲೆನಿಂತುದು, ಇವೆಲ್ಲ ನಡಿಗೆಯ ಮಾತುಕತೆಯಲ್ಲಿಯೇ ಬರುತ್ತವೆ. ಮದರಾಸು ಸರ್ಕಾರದ 1882ರ ಅರಣ್ಯ ಕಾಯಿದೆ ದಕ್ಷಿಣ ಕನ್ನಡಕ್ಕೂ ಅನ್ವಯಿಸಿದ್ದ ಕಾಲವದು. ಕಾಯಿದೆಯ ಪುಟಗಳಲ್ಲಿ ಕಾಣದ ಮನುಷ್ಯಪ್ರಯತ್ನವನ್ನು ಕಾರಂತರು ಕಾಣಿಸಿದ್ದಾರೆ. ಪ್ರಕೃತಿವರ್ಣನೆಗಾಗಿಯೇ ಈ ಗ್ರಂಥವನ್ನು ಹೊಗಳುವ ವಾಡಿಕೆಯಿದೆ. ಅದರ ನಿಜವಾದ ಸತ್ತ್ವ ದುಡಿಮೆಯ ವರ್ಣನೆಯಲ್ಲಿದೆ ಎಂಬುದು ನಮ್ಮ ಮತ.

ಹೀಗೆಂದ ಮೇಲೆ ಒಂದು ಕೊರತೆಯನ್ನೂ ಹೇಳದೆ ಗತ್ಯಂತರವಿಲ್ಲ. ದಾರಿ ಬಲ್ಲವರು ದೇರಣ್ಣ ಮತ್ತು ಬಟ್ಯ. ಆದರೆ ದಾರಿಯ ಕಥೆಯನ್ನು ಹೇಳುವವನು ಗೋಪಾಲಯ್ಯ. ತೋಟದ ಚರಿತ್ರೆ ತೋಟದ ಒಡೆಯನ ಬಾಯಿಂದಲೇ ನಮಗೆ ತಲುಪುತ್ತದೆ. ಕಾಡು ಕಡಿದ ಕೈಗಳಲ್ಲಿ ಒಡೆಯನ ಕೈಯೂ ಒಂದು, ನಿಜ. ಉಳಿದ ಕೈಗಳ ಪೂರ್ವೋತ್ತರವೇನು? ಅವರ ಹಿರಿಯರು ಅಲ್ಲಿ ಎಂದಿನಿಂದ ಇದ್ದರು? ಗೋಪಾಲಯ್ಯನ ಸೌಜನ್ಯಕ್ಕೆ ಮಾರುಹೋದ ಓದುಗನಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಇದೇ ಕಾದಂಬರಿಯನ್ನು ಶ್ರೀ ಪಿ. ಶೇಷಾದ್ರಿಯವರು ಚಲಚ್ಚಿತ್ರವನ್ನಾಗಿ ಮಾಡಿದರು. 2011ರಲ್ಲಿ ಅದು ತೆರೆಕಂಡಿತು. ಗೋಪಾಲಯ್ಯನ ಪಾತ್ರದಲ್ಲಿ ಶ್ರೀ ದತ್ತಾತ್ರೇಯರ ಅಭಿನಯ ಸಹಜವೂ ಗಂಭೀರವೂ ಆಗಿದೆ. ಮನೆ ಬಿಟ್ಟುಹೋದ ಮಗನಿಗಾಗಿ ಮುದಿ ದಂಪತಿಗಳು ಪಡುವ ಕೊರಗು ಮಾತಿಗಿಂತ ಮುಖಭಾವದಲ್ಲಿ ಹೆಚ್ಚು ತೀವ್ರವಾಗುವುದು ಚಿತ್ರಮಾಧ್ಯಮದ ಗುಣ. ಆದರೆ ಅದೇ ಮಾಧ್ಯಮಕ್ಕೆ ನಡಿಗೆಯ ಕಾಲವನ್ನು ಮೊಟಕುಮಾಡದೆ ವಿಧಿಯಿಲ್ಲ. ಕಾದಂಬರಿಯಲ್ಲಿ ಒಂದು ಹಾದಿಯನ್ನು ಸವೆಸಲು ಬೇಕಾಗುವ ಹೊತ್ತೇ ಸಂಭಾಷಣೆಗೆ ಅವಕಾಶ. ತೆರೆಯ ಮೇಲೆ ಹಾದಿ ಕ್ಷಣಮಾತ್ರದ ದೃಶ್ಯ. ದೃಶ್ಯವು ರಮ್ಯವಾದಷ್ಟೂ ಅದು ಯಾರ ಶ್ರಮದಿಂದ ಆಯಿತೆಂಬುದು ಮರೆಯಾಗುತ್ತದೆ.

ಈ ಚಿತ್ರಕ್ಕೆ 58ನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂಬ ಗೌರವ ಸಂದಿತು. ಕಾಡು ಸವರಿ ತೋಟ ಮಾಡಿದವನ ಕಥೆಗೆ ಕಾಡು ಕಾಯುವ ಹೆಸರಿನ ಪ್ರಶಸ್ತಿ! ನಾವು ಇದನ್ನು ಅಪಹಾಸ್ಯಕ್ಕಾಗಿ ಹೇಳುತ್ತಿಲ್ಲ. ಕಾಡೆಂಬ ಮಾತಿನ ಅರ್ಥವೇ 1943ಕ್ಕೂ 2011ಕ್ಕೂ ನಡುವೆ ಬದಲಾಗಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಅಂದು ಕಾಡು ಮನುಷ್ಯನ ಸಾಹಸಕ್ಕೆ ಕಣವಾಗಿತ್ತು. ಇಂದು ಮನುಷ್ಯನಿಂದ ರಕ್ಷಿಸಬೇಕಾದ ನಿಧಿಯಾಗಿದೆ. ‘ವೈಲ್ಡ್ ಕರ್ನಾಟಕ’ದಂತಹ ವನ್ಯಜೀವಿ ಚಿತ್ರಗಳಲ್ಲಿ ಈ ಎರಡನೆಯ ದೃಷ್ಟಿ ಪರಿಪೂರ್ಣತೆಯನ್ನು ಪಡೆದಿದೆ. ಅವುಗಳ ಛಾಯಾಗ್ರಹಣ ಶ್ಲಾಘ್ಯವಾದುದು. ಆದರೆ ಅಲ್ಲಿಯ ಕಾಡಿಗೆ ಋತುಗಳುಂಟು, ಚರಿತ್ರೆಯಿಲ್ಲ.

ಇದಕ್ಕೆ ಪ್ರತಿಯಾಗಿ ಶ್ರೀ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನೆನಪಿಗೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ಚಿತ್ರಿಸುವ ಈ ಬೃಹತ್ಕೃತಿ ಆರಂಭವಾಗುವುದು ನಾಯಿಗುತ್ತಿ ಎಂಬ ಹೊಲೆಯರ ಆಳು ತನ್ನ ನಾಯಿ ಹುಲಿಯನೊಡನೆ ಕಾಡುದಾರಿ ಹಿಡಿಯುವುದರಿಂದ. ಇಲ್ಲಿ ದಾರಿ ಬಲ್ಲವನೇ ಕಥೆಯ ಮುಂದಾಳು. ಅವನ ಹೆಜ್ಜೆಯೊಡನೆ ಒಡೆಯರ ಚೌಕಿಮನೆ, ಹೊಲಗೇರಿ, ಗುಡ್ಡದ ನೆತ್ತಿ, ತುಂಬಿದ ಹೊಳೆ ಒಂದೊಂದಾಗಿ ಪರಿಚಯವಾಗುತ್ತವೆ. ಕಾರಂತರು ಬಟ್ಯನ ಪಾಲಿಗೆ ಬಿಡದ ಸ್ಥಾನವನ್ನು ಕುವೆಂಪು ಗುತ್ತಿಗೆ ಕೊಟ್ಟಿದ್ದಾರೆ.

ಇದೆಲ್ಲ ಕೇವಲ ಸಾಹಿತ್ಯವಿಚಾರವೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. 2006ರ ಅರಣ್ಯಹಕ್ಕು ಕಾಯಿದೆಯಂತೆ, ಪರಿಶಿಷ್ಟ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ನೆಲೆಸಿದ್ದುದನ್ನು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ, ಹೆಚ್ಚುಕಡಮೆ ಗೋಪಾಲಯ್ಯನ ತಲೆಮಾರಿನ ಕಾಲಕ್ಕೆ, ಬಂದು ನಿಲ್ಲುತ್ತದೆ. ಬಾವಿ, ಸ್ಮಶಾನ, ದೈವಸ್ಥಾನಗಳಂತಹ ಕುರುಹುಗಳನ್ನೂ, ಬರೆದುಕೊಂಡ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ನಿಯಮಗಳು ಅಂಗೀಕರಿಸಿವೆ. ಒಡೆಯನ ಬಳಿ ಪಟ್ಟೆಯುಂಟು, ಕಂದಾಯದ ರಶೀದಿಯುಂಟು. ಬಟ್ಯನ ಮೊಮ್ಮಕ್ಕಳಿಗೆ ಉಳಿದಿರುವುದು ಒಂದು ಹಾಳುಬಾವಿ, ಒಂದು ಭೂತದ ಕಲ್ಲು, ಅಜ್ಜಿಯ ನೆನಪು. ಅವನ್ನು ಬರೆದಿಡುವವರಿಲ್ಲದಿದ್ದರೆ ಅವರು ಅಲ್ಲಿ ಇರಲೇ ಇಲ್ಲವೆಂದಾಗುತ್ತದೆ.

ನಾವು ವಿದ್ಯಾರ್ಥಿಗಳೊಡನೆ ಘಟ್ಟದ ಕಾಲುದಾರಿಗಳಲ್ಲಿ ನಡೆದಾಗ, ದಟ್ಟ ಕಾಡೆಂದುಕೊಂಡ ಕಡೆಯಲ್ಲಿಯೇ ಮನೆಯ ಪಂಚಾಂಗದ ಕಲ್ಲುಗಳು ಕಾಲಿಗೆ ಎಡವಿದ್ದುಂಟು. ಒಬ್ಬ ವಿದ್ಯಾರ್ಥಿ ಅದರ ಚಿತ್ರವನ್ನು ತೆಗೆದುಕೊಂಡು ಮುಂದೆ ಸಾಗಿದನು. ಇನ್ನೊಬ್ಬನು ಕೆಳಗಿನ ಊರಿಗೆ ಬಂದು, ಆ ಮನೆ ಯಾರದಾಗಿತ್ತೆಂದು ಮುದುಕಿಯೊಬ್ಬಳನ್ನು ಕೇಳಿದನು. ಅರಣ್ಯಸಂಚಾರದ ಒಳ್ಳೆಯ ಗ್ರಂಥವೂ ಒಳ್ಳೆಯ ಚಿತ್ರವೂ ಎರಡನೆಯ ವಿದ್ಯಾರ್ಥಿಯ ಜಾತಿಯವು. ‘ಬೆಟ್ಟದ ಜೀವ’ ಆ ಪ್ರಶ್ನೆಯನ್ನು ಕೇಳಲು ನಮಗೆ ಕಲಿಸಿತು. ಆದರೆ ಮನೆಯ ಒಡೆಯನನ್ನು ಮಾತ್ರ ಕೇಳಿತು. ಅಲ್ಲಿಂದ ಮುಂದಿನ ಹೆಜ್ಜೆ ನಮ್ಮದಾಗಬೇಕು.