ಸಾಕ್ಷ್ಯದ ತೂಕ: ಸಮುದ್ರಾಮ್ಲತೆ ಮತ್ತು ಮೀನಿನ ಘ್ರಾಣಶಕ್ತಿ

ಇಂಗಾಲಾಮ್ಲವಾಯುವನ್ನು ಹೀರಿಕೊಂಡು ಸಮುದ್ರಜಲವು ತನ್ನ ಕ್ಷಾರಗುಣವನ್ನು ಕ್ರಮೇಣ ಕಳೆದುಕೊಳ್ಳುತ್ತಿರುವುದು ನಿರ್ವಿವಾದ. ಅಂತಹ ನೀರಿನಲ್ಲಿ ಬೆಳೆದ ಕ್ಲೌನ್ ಮೀನಿನ ಮರಿಗಳಿಗೆ ವಾಸನೆಗಳ ವಿವೇಚನೆಯೇ ತಪ್ಪುವುದೆಂದು ಆಸ್ಟ್ರೇಲಿಯದ ಫಿಲಿಪ್ ಮಂಡೆ ಮತ್ತು ಸಂಗಡಿಗರು 2009ರಲ್ಲಿ ಸಾರಿದರು. ಆ ಮಾತು ಬಹುಬೇಗ ಪ್ರಸಿದ್ಧಿಗೆ ಬಂದಿತು.

2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಟಿಮೊತಿ ಕ್ಲಾರ್ಕ್ ಮೊದಲಾದವರು ಪ್ರಕಟಿಸಿದ ಪ್ರಬಂಧವು ಇದನ್ನು ಅಲ್ಲಗಳೆಯುತ್ತದೆ. ಮೂರು ವರ್ಷಗಳ ಕಾಲ ಹವಳದಿಬ್ಬದ ಆರು ಜಾತಿಯ ಮೀನುಗಳನ್ನು ಪರೀಕ್ಷಿಸಿದ ಇವರಿಗೆ ಗಣನೀಯ ಪರಿಣಾಮವೇನೂ ಕಾಣಲಿಲ್ಲ. ಮೀನುಗಳ ಚಲನೆಯನ್ನು ಚಿತ್ರೀಕರಿಸಿ ಇತರರ ಪರಿಶೀಲನೆಗೆ ಒದಗಿಸಿರುವುದು ಇವರ ದೊಡ್ಡ ಗುಣ. ಶಾಸನದ ಅಚ್ಚನ್ನು ಕೊಡದೆ ಪಾಠವನ್ನಷ್ಟೇ ಕೊಡುವ ಸಂಪಾದಕನನ್ನು ಚರಿತ್ರೆಯ ಅಭ್ಯಾಸಿಗಳಾದ ನಾವು ಎಷ್ಟರಮಟ್ಟಿಗೆ ನಂಬುತ್ತೇವೆ? ಆದರೆ ಆರು ಜಾತಿಗಳನ್ನು ಕಂಡು, ಹವಳದಿಬ್ಬದ ಮೀನುಗಳ ವರ್ತನೆಗೇ ಬಾಧೆಯಿಲ್ಲವೆಂದು ಶೀರ್ಷಿಕೆಯಲ್ಲಿ ಘೋಷಿಸಿರುವುದು ಅತಿವ್ಯಾಪ್ತಿ. ಅನುಸರಿಸಿದ ವಿಧಾನಗಳೇ ಬೇರೆಯೆಂದು ಮಂಡೆಯವರ ಪಕ್ಷವು ಅದೇ ವರ್ಷ ಕೊಟ್ಟ ಉತ್ತರವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

2022ರಲ್ಲಿ 91 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ ವಿಮರ್ಶೆಯೊಂದು ಬಂದಿತು. ಮೊದಮೊದಲು ದೊಡ್ಡದಾಗಿ ಕಂಡ ಪರಿಣಾಮವು ಹತ್ತು ವರ್ಷಗಳಲ್ಲಿ ಕ್ಷೀಣಿಸುತ್ತ ಬಂದಿದೆಯೆಂದೂ, ಅತಿ ದೊಡ್ಡ ಪರಿಣಾಮವನ್ನು ಹೇಳಿದ ಅಧ್ಯಯನಗಳು ಬಹುಮಟ್ಟಿಗೆ ಕೆಲವೇ ಮೀನುಗಳನ್ನು ಆಧರಿಸಿದವೆಂದೂ ಅದರ ನಿರ್ಣಯ. ತೀರ್ಪುಗಾರರಲ್ಲಿ ಕ್ಲಾರ್ಕ್ ಅವರೂ ಒಬ್ಬರೆಂಬುದನ್ನು ಮರೆಯದೆಯೇ ನಾವು ಇದನ್ನು ಒಪ್ಪುತ್ತೇವೆ.

ಮೀನಿನ ಸಾಕ್ಷ್ಯ ಸಡಿಲಿತೆಂದು ಚಿಪ್ಪಿನ ಸಾಕ್ಷ್ಯವನ್ನೂ ಕೈಬಿಡುವುದು ತರವಲ್ಲ. ಅಮೆರಿಕದ ಆರೆಗಾನ್ ತೀರದ ಸಾಕಣೆ ಕೇಂದ್ರವೊಂದರಲ್ಲಿ ಸಿಂಪಿಯ ಮರಿಗಳ ಬೆಳವಣಿಗೆ ಕುಂಠಿತವಾದುದಕ್ಕೂ ಆಳದಿಂದ ಮೇಲೆದ್ದು ಬಂದ ಆಮ್ಲೀಯ ನೀರಿಗೂ ಇರುವ ಸಂಬಂಧವನ್ನು 2012ರಲ್ಲಿ ತೋರಿಸಿದವರು ಬೇರೆ ಸಂಶೋಧಕರು. ಅವರ ಆಧಾರಗಳೂ ಬೇರೆ.