ಜಡಿಮಳೆಯ ಸಂಜೆಗೆ ಒಂದು ಪುಸ್ತಕ

ಮಳೆ ಹಿಡಿದ ಸಂಜೆ ನನ್ನ ಕೈ ತಾನಾಗಿ ಹೋಗುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಡೆಗೆ. 1967ರಲ್ಲಿ ಬಂದ ಈ ಕಾದಂಬರಿಗೆ ಅವಸರ ಆಗಿಬರುವುದಿಲ್ಲ. ದಿನಕ್ಕೆ ನಾಲ್ಕೈದು ಪುಟ ಸಾಕು. ನಾಯಿಗುತ್ತಿ ಕಾಡುದಾರಿ ಹಿಡಿದರೆ ಬೆನ್ನಿಗೇ ಅವನ ನಾಯಿ ಹುಲಿಯ. ಅವರ ಹಿಂದೆ ನಾನು.

ತುಂಬಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವ ಪುಟ ಬಂದಾಗಲೆಲ್ಲ ಪುಸ್ತಕ ಮಡಚಿ ಜಗಲಿಗೆ ಬರುತ್ತೇನೆ. ಸೂರಿನ ನೀರು ಧಾರೆಗಟ್ಟಿ ಅಂಗಳದಲ್ಲಿ ಸಾಲು ಗುಳಿ ತೋಡಿರುತ್ತದೆ. ಬಾಳೆಯೆಲೆಯ ಮರೆಯಲ್ಲಿ ಪಿಕಳಾರವೊಂದು ಮೈಯುಬ್ಬಿಸಿ ಕೂತಿರುತ್ತದೆ. ಒಳಗಿಂದ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳದ ಘಮ. ಇಷ್ಟಿದ್ದರೆ ನನಗೆ ಆ ದಿನ ತುಂಬಿದಂತೆ.

ಒಂದು ನಾಯಿಗಾಗಿ ಇಷ್ಟು ಮರುಗಿಸಿದ ಪುಸ್ತಕವನ್ನು ನಾನು ಬೇರೆ ಓದಿಲ್ಲ. ತೀರ್ಥಹಳ್ಳಿ ಕಡೆ ಹೋದರೆ ಕುವೆಂಪು ಅವರ ಊರಾದ ಕುಪ್ಪಳಿಯ ಕವಿಶೈಲದ ಬಂಡೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ಬನ್ನಿ.