ಮುಟ್ಟು ನಿಂತರೆ ಹಾರ್ಮೋನು ನಿಲ್ಲುವುದಿಲ್ಲ

"ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು ಮಾರಾಯ್ತಿ, ಇನ್ನೆಂಥ ಹಾರ್ಮೋನು?" ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಸ್ತನ ಕ್ಯಾನ್ಸರಿನ ಮಾತು ಬಂದಾಗ ಏಳುವ ಈ ಪ್ರಶ್ನೆಗೆ ಓದಿದವರೂ ತಲೆದೂಗುತ್ತಾರೆ. ಈಸ್ಟ್ರೋಜನ್ ಹುಟ್ಟುವುದು ಅಂಡಾಶಯದಲ್ಲಿ, ಅಂಡಾಶಯ ಸುಮ್ಮನಾದ ಮೇಲೆ ಗೆಡ್ಡೆಗೆ ಗೊಬ್ಬರವಾಗುವ ಅದರ ಕಾಟವೂ ಮುಗಿಯಿತು ಎಂಬುದು ಲೆಕ್ಕ. ಲೆಕ್ಕ ತಪ್ಪು. ಮಣಿಪಾಲದಲ್ಲೋ ಶಿವಮೊಗ್ಗದಲ್ಲೋ ಆಪರೇಷನ್ ಮುಗಿಸಿ ಊರಿಗೆ ಮರಳಿದ ಹೆಂಗಸು ಐದು ವರ್ಷ ನುಂಗಬೇಕಾದ, ಈ ಹಾರ್ಮೋನನ್ನು ತಡೆಯುವ ಮಾತ್ರೆಯನ್ನು ನಡುವೆ ಬಿಡುವುದಕ್ಕೆ ಇದೇ ನೆಪವಾಗುತ್ತದೆ ಎಂಬುದು ನನ್ನ ಸಂಕಟ.

ಮುಟ್ಟು ನಿಂತ ಮೇಲೂ ಅಡ್ರಿನಲ್ ಗ್ರಂಥಿ ಪುರುಷ ಹಾರ್ಮೋನುಗಳಾದ ಆಂಡ್ರೋಜನ್‌ಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅವನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುವುದು ಅರೋಮಟೇಸ್ ಎಂಬ ಕಿಣ್ವ. ಅದರ ಜೀನ್ 15ನೇ ವರ್ಣತಂತುವಿನಲ್ಲಿದೆ. ಜೀನ್ ಒಂದೇ, ಅದನ್ನು ಚಾಲೂ ಮಾಡುವ ಸ್ವಿಚ್ಚುಗಳು ಹಲವು. ಅಂಡಾಶಯಕ್ಕೊಂದು, ಚರ್ಮಕ್ಕೊಂದು, ಮೂಳೆಗೊಂದು. ಆರೋಗ್ಯವಂತ ಸ್ತನದ ಕೊಬ್ಬಿನಲ್ಲಿ ಮುಖ್ಯವಾಗಿ ಬಳಕೆಯಾಗುವ ಸ್ವಿಚ್ಚು ದುರ್ಬಲವಾದದ್ದು. ಗೆಡ್ಡೆ ಎದ್ದಾಗ ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ಹೊಮ್ಮಿ, ಸುತ್ತಲಿನ ಕೊಬ್ಬಿನಲ್ಲಿ ಬೇರೆಯೇ ಸ್ವಿಚ್ಚುಗಳು ಏಳುತ್ತವೆ. ಅವುಗಳಲ್ಲಿ ಒಂದು, ಹರೆಯದಲ್ಲಿ ಅಂಡಾಶಯ ಬಳಸುತ್ತಿದ್ದ ಸ್ವಿಚ್ಚೇ! ಅಂಡಾಶಯ ಬಿಟ್ಟ ಕೆಲಸವನ್ನು ಗೆಡ್ಡೆಯ ನೆರೆಹೊರೆ ಕೈಗೆತ್ತಿಕೊಂಡಂತಾಯಿತು. ಮುಟ್ಟು ನಿಂತವರ ಸ್ತನದಲ್ಲಿ ಈಸ್ಟ್ರೋಜನ್ ಪ್ರಮಾಣ ಅವರ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿರುವುದು ಇದರಿಂದಲೇ ಅರ್ಥವಾಗುತ್ತದೆ. ಮುಟ್ಟು ನಿಂತ ಮೇಲೆ ಮೈ ಬಂದರೆ ಅಪಾಯ ಹೆಚ್ಚುವುದಕ್ಕೂ ಕೊಬ್ಬಿನ ಈ ಕಸುಬು ಒಂದು ಕಾರಣ.

ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ತಡೆಯುವುದು ಈ ಕಿಣ್ವವನ್ನೇ. ಟಮಾಕ್ಸಿಫೆನ್ ದಾರಿ ಬೇರೆ: ಕೋಶದೊಳಗೆ ಈಸ್ಟ್ರೋಜನ್ ಹೋಗಿ ಕೂರುವ ಗ್ರಾಹಕದಲ್ಲಿ ತಾನೇ ಕೂತು ಜಾಗ ಬಿಡುವುದಿಲ್ಲ. ಬಯಾಪ್ಸಿ ವರದಿಯಲ್ಲಿ 'ಇಆರ್ ಪಾಸಿಟಿವ್' ಎಂದಿದ್ದರೆ ಆ ಗ್ರಾಹಕ ಇದೆ, ಮಾತ್ರೆಗೆ ಕೆಲಸವಿದೆ ಎಂದು. ಇಆರ್, ಪಿಆರ್, ಹರ್-2 ಎಂಬ ಮೂರೂ ಗ್ರಾಹಕಗಳು ನೆಗೆಟಿವ್ ಆದವರಿಗೆ ಈ ಮಾತ್ರೆಗಳಿಂದ ಉಪಯೋಗವಿಲ್ಲ. ನಮ್ಮ ದೇಶದಲ್ಲಿ ಅಂಥವರ ಪಾಲು ಪಶ್ಚಿಮಕ್ಕಿಂತ ಹೆಚ್ಚು. ಹಾಗಾಗಿ ಪಕ್ಕದ ಮನೆಯವಳಿಗೆ ಕೊಟ್ಟಿಲ್ಲ, ನನಗೇಕೆ ಎಂಬ ಹೋಲಿಕೆಯೂ ನಿಲ್ಲುವುದಿಲ್ಲ.

ಲೆಟ್ರೊಜೋಲ್ ತಿಂದರೆ ಗಂಟುಗಂಟು ನೋಯುತ್ತದೆ, ಮೂಳೆ ಸವೆಯುತ್ತದೆ ಎಂಬ ದೂರು ನಿಜ. ಬೆಳಿಗ್ಗೆ ಬೆರಳು ಮಡಚಲಾಗದವಳು ಅಡಿಕೆ ಸುಲಿಯುವುದು ಹೇಗೆ? ಅವಳ ನೋವನ್ನು "ಸಹಿಸಿಕೋ" ಎಂದು ತಳ್ಳಿಹಾಕುವುದು ಅನ್ಯಾಯ. ಮೂಳೆಯ ಸಾಂದ್ರತೆ ನೋಡಿಸಬಹುದು, ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡಬಹುದು, ಒಂದು ಮಾತ್ರೆ ಒಗ್ಗದಿದ್ದರೆ ಡಾಕ್ಟರು ಇನ್ನೊಂದಕ್ಕೆ ಬದಲಾಯಿಸಬಹುದು. ಆದರೆ ಅದನ್ನೆಲ್ಲ ಕೇಳಲು ಅವಳು ಮತ್ತೆ ಘಟ್ಟ ಇಳಿಯಬೇಕಾದರೆ, ತನ್ನ ಮೈಯಲ್ಲಿ ಈಸ್ಟ್ರೋಜನ್ ಇನ್ನೂ ತಯಾರಾಗುತ್ತಿದೆ ಎಂಬುದನ್ನು ಚೀಟಿ ಬರೆಯುವವರು ಮೊದಲ ದಿನವೇ ಅವಳನ್ನು ಕೂರಿಸಿ ಹೇಳಿರಬೇಕು.